ಮಕ್ಕಳಿರುವ ಮನೆಗೆ ಒಂದು ರೆಕಾರ್ಡ್ ಪ್ಲೇಯರ್: ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ನಮ್ಮಲ್ಲಿ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷದ ಮಗುವಿನ ಕೈಗೆ ಧೈರ್ಯವಾಗಿ ಬಿಡಬಹುದಾದ ರೆಕಾರ್ಡ್ ಪ್ಲೇಯರ್ ಇದು. ನಾನು ಕೊಂಡದ್ದೂ ಅದಕ್ಕೇ. ಇದಕ್ಕಿಂತ ಚೆನ್ನಾಗಿ ನುಡಿಸುವ ಪ್ಲೇಯರ್‌ಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಮಗು ಮುಟ್ಟಿದರೆ ನಮ್ಮ ಎದೆ ಧಸಕ್ ಅನ್ನುತ್ತದೆ. ಮುಟ್ಟಬೇಡ ಅನ್ನಿಸಿಕೊಂಡ ವಸ್ತುವಿನ ಹತ್ತಿರ ಮಗು ಎರಡನೇ ಸಲ ಹೋಗುವುದಿಲ್ಲ. ನನ್ನ ಮಗಳು ಹೋಗಬೇಕು ಅಂತಲೇ ನನ್ನ ಆಸೆ.

ಎಟಿ-ಎಲ್‌ಪಿ60ಎಕ್ಸ್ ಪೂರ್ತಿ ಆಟೋಮ್ಯಾಟಿಕ್. ಪ್ಲೇಟು ಇಟ್ಟು, ಅದು ದೊಡ್ಡದಾ ಚಿಕ್ಕದಾ ಅಂತ ಒಂದು ಗುಂಡಿಯಲ್ಲಿ ತಿಳಿಸಿ, ವೇಗ ನಿಮಿಷಕ್ಕೆ 33 ಸುತ್ತಾ 45 ಸುತ್ತಾ ಅಂತ ಇನ್ನೊಂದರಲ್ಲಿ ಆರಿಸಿ, ಸ್ಟಾರ್ಟ್ ಒತ್ತಿದರೆ ಸಾಕು. ತೋಳು ತಾನೇ ಎದ್ದು, ನಿಧಾನಕ್ಕೆ ಬದಿಗೆ ಸರಿದು, ಪ್ಲೇಟಿನ ಅಂಚಿನ ಮೇಲೆ ಮುಳ್ಳನ್ನು ಇಳಿಸುತ್ತದೆ. ಒಂದು ಮಗ್ಗುಲು ಮುಗಿದರೆ ತಾನೇ ಎದ್ದು ಜಾಗಕ್ಕೆ ಬಂದು ಕೂರುತ್ತದೆ. ಮೋಟಾರು ನಿಲ್ಲುತ್ತದೆ. ಮಕ್ಕಳ ಕೈ ನಡುಗಿ ಪ್ಲೇಟಿನ ಮೇಲೆ ಗೀರು ಬೀಳುವ ಭಯವೇ ಇಲ್ಲ. ಪ್ರತಿ ಸಲ ತೋಳು ಇಳಿಯುವಾಗ ಮಗಳು ಮುಖವನ್ನು ಪೆಟ್ಟಿಗೆಯ ಮಟ್ಟಕ್ಕೆ ತಂದು, ಉಸಿರು ಹಿಡಿದು ನೋಡುತ್ತಾಳೆ. ಹಾಡಿಗೆ ಒಂದು ಶುರು ಇರುತ್ತದೆ ಅನ್ನುವುದು ಅವಳಿಗೆ ಹಾಗೆ ಕಣ್ಣಿಗೆ ಕಂಡಿತು. ಮೊಬೈಲಿನಲ್ಲಿ ಅದು ಎಲ್ಲಿ ಕಾಣಬೇಕು ಹೇಳಿ?

ಕಂಪನಿಯ ಬಗ್ಗೆ ಎರಡು ಮಾತು. 1962ರಲ್ಲಿ ಟೋಕಿಯೋದಲ್ಲಿ ರೆಕಾರ್ಡ್ ಪ್ಲೇಯರಿನ ಕಾರ್ಟ್ರಿಜ್, ಅಂದರೆ ಮುಳ್ಳು ಕೂರುವ ಪುಟ್ಟ ಭಾಗ, ಮಾಡುತ್ತಾ ಶುರುವಾದದ್ದು. ಅಂದರೆ ಮುಳ್ಳಿನ ಕೆಲಸವೇ ಇವರ ಮೂಲ ಕಸುಬು. ಈ ಮಾಡೆಲ್ಲಿನಲ್ಲಿ ಕಾರ್ಟ್ರಿಜ್ ಬದಲಿಸಲು ಬರುವುದಿಲ್ಲ. ಮುಳ್ಳು ಮಾತ್ರ ಬದಲಿಸಬಹುದು. ತೋಳಿನ ಭಾರ ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸುತ್ತಾರೆ, ನಾವು ತಿರುಚುವ ಗೋಜಿಲ್ಲ. ಹೈಫೈ ಹುಚ್ಚಿರುವವರು ಇದನ್ನು ಕೊರತೆ ಅನ್ನುತ್ತಾರೆ. ಮನೆಗೆ ಇದೇ ಅನುಕೂಲ ಅಂತ ನನ್ನ ಅನಿಸಿಕೆ.

ಇನ್ನು ಜೋಡಿಸುವುದು. ಮುಳ್ಳಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಕೆಲವೇ ಮಿಲಿವೋಲ್ಟ್. ಜೊತೆಗೆ ಪ್ಲೇಟು ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿ, ತಾರದ ಸದ್ದನ್ನು ಏರಿಸಿ ಕೊರೆದಿರುತ್ತಾರೆ. ನುಡಿಸುವಾಗ ಅದನ್ನು ತಿರುಗಿ ಸರಿ ಮಾಡಬೇಕು. ಆ ಕೆಲಸ ಮಾಡುವ ಫೋನೋ ಪ್ರಿಆಂಪ್ ಇದರ ಹೊಟ್ಟೆಯಲ್ಲೇ ಇದೆ. ಹಿಂದೆ ಫೋನೋ, ಲೈನ್ ಅಂತ ಒಂದು ಸ್ವಿಚ್ ಇದೆ. ಲೈನ್‌ಗೆ ಹಾಕಿದರೆ ಆಂಪ್ಲಿಫೈಯರ್ ಒಳಗೇ ಇರುವ ಯಾವ ಸ್ಪೀಕರಿಗಾದರೂ ನೇರ ಜೋಡಿಸಬಹುದು. ನಾನು ಜೋಡಿಸಿದ್ದು ಎಡಿಫೈಯರ್ ಆರ್1280ಟಿ ಅನ್ನುವ ಜೋಡಿಗೆ. ಆಂಪ್ಲಿಫೈಯರ್ ಅದರೊಳಗೇ ಇದೆ, ಒಟ್ಟು 42 ವ್ಯಾಟ್. ಬಲಗಡೆ ಪೆಟ್ಟಿಗೆಯ ಪಕ್ಕದಲ್ಲಿ ಬಾಸ್, ಟ್ರೆಬಲ್, ವಾಲ್ಯೂಮ್‌ಗೆ ಮೂರು ತಿರುಗುಣಿ. ಮಕ್ಕಳ ಬೆರಳಿಗೆ ತಿರುಗುಣಿ ಬೇಕು. ಬಾಸ್ ಕಡಿಮೆ ಮಾಡಿದರೆ ತಬಲಾದ ಎಡಗೈಯ ಬಾಯಾಂ ಹೇಗೆ ಸೊರಗುತ್ತದೆ, ಟ್ರೆಬಲ್ ತೆಗೆದರೆ ತಂಬೂರಿ ಹೇಗೆ ಕಂಬಳಿ ಹೊದ್ದಂತೆ ಆಗುತ್ತದೆ ಅಂತ ಮಗಳು ತಾನೇ ತಿರುಗಿಸಿ ಕಂಡುಕೊಂಡಳು. ನಾನು ಏನೂ ಹೇಳಿಕೊಡಲಿಲ್ಲ.

ಇಡುವ ಜಾಗ ಬಹಳ ಮುಖ್ಯ. ಮೊದಲು ಪ್ಲೇಯರು, ಸ್ಪೀಕರು ಎರಡನ್ನೂ ಒಂದೇ ಮರದ ಕಪಾಟಿನ ಮೇಲೆ ಇಟ್ಟು ನೋಡಿದೆವು. ಸದ್ದು ಜಾಸ್ತಿ ಮಾಡಿದಾಗ ಕಪಾಟು ಅದುರಿ, ಆ ಅದುರು ಮುಳ್ಳಿಗೆ ಹತ್ತಿ, ಒಂಥರಾ ಗುಂಯ್ ಅನ್ನುವ ಸದ್ದು ಬರುತ್ತಿತ್ತು. ನಮ್ಮದು ಧಾರವಾಡದ ಮಾಳಮಡ್ಡಿಯ ಹಳೆಯ ಮನೆ, ಗೋಡೆಯಲ್ಲಿ ಕಡಪಾ ಕಲ್ಲಿನ ಹಲಗೆ ಕೂರಿಸಿದ ಮಾಡ ಇದೆ. ಪ್ಲೇಯರನ್ನು ಅಲ್ಲಿಗೆ ಏರಿಸಿದೆವು. ಸ್ಪೀಕರು ಕಪಾಟಿನಲ್ಲೇ ಉಳಿಯಿತು. ಈಗ ಮಕ್ಕಳು ಕುಣಿದರೂ ಮುಳ್ಳು ಜಿಗಿಯುವುದಿಲ್ಲ. ಹೊಸ ಮನೆಯವರು ಒಂದು ಗ್ರಾನೈಟ್ ತುಂಡನ್ನಾದರೂ ಕೆಳಗೆ ಹಾಕಿಕೊಳ್ಳಿ.

ಸದ್ದು ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ ನನ್ನ ಕಿವಿ ಎಲ್ಲಿ ಬೆಳೆಯಿತು ಅಂತ ಹೇಳಬೇಕು.

ನಾನು ಬೆಳೆದದ್ದು ಇದೇ ಮನೆಯಲ್ಲಿ, ಅಜ್ಜನ ಹತ್ತಿರ. ಅಜ್ಜ ಶಾಲಾ ಮಾಸ್ತರು. ಪಡಸಾಲೆಯಲ್ಲಿ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ ಇತ್ತು. ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ವಾಲ್ವ್ ಕಾಯಬೇಕು, ಹಸಿರು ಕಣ್ಣು ನಿಧಾನಕ್ಕೆ ಅರಳಬೇಕು, ಆಮೇಲೆ ದನಿ. ಬೆಳಿಗ್ಗೆ ಆಕಾಶವಾಣಿಯ ಆ ಆರಂಭದ ಧುನ್, ವಾಲ್ಟರ್ ಕೌಫ್‌ಮನ್ ಅನ್ನುವವರು 1930ರ ದಶಕದಲ್ಲಿ ಮುಂಬೈನಲ್ಲಿದ್ದಾಗ ಮಾಡಿದ್ದು, ಅದು ಮುಗಿದರೆ ನಮ್ಮ ಮನೆಯಲ್ಲಿ ಹಾಲು ಕಾಯುತ್ತಿರಬೇಕು. ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಶುರುವಾದದ್ದು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಹಾಗಾಗಿ ಅಪರೂಪದ ರಾಗಗಳು ನಮಗೆ ಅಪರೂಪ ಅಂತ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕಿವಿಗೆ ಬಿದ್ದವು, ಅಷ್ಟೇ.

ರೇಡಿಯೋ ಪಕ್ಕದಲ್ಲಿ ಅಜ್ಜನ ರೆಕಾರ್ಡ್ ಪ್ಲೇಯರು. ಮನಸೂರರ ಒಂದು ಎಲ್‌ಪಿ, ಅಂದರೆ 33ರ ವೇಗದ ದೊಡ್ಡ ಪ್ಲೇಟು, ಇತ್ತು, ಅದನ್ನು ಅಜ್ಜ ಭಾನುವಾರ ಹಾಕುತ್ತಿದ್ದರು. ಅದರ ಒಂದೊಂದು ತಾನ ನನಗೆ ಬಾಯಿಪಾಠ.

ಎಲ್‌ಪಿ60ಎಕ್ಸ್ ಬಂದ ದಿನ ಮೊದಲು ಹಾಕಿದ್ದು ಅದೇ ಪ್ಲೇಟು. ಸದ್ದು ಸ್ವಚ್ಛ, ತಂಬೂರಿಯ ಜೀವಾಳಿಯ ಝೇಂಕಾರ ಎದ್ದು ಕೇಳುತ್ತದೆ, ಸಾರಂಗಿ ಬೇರೆ, ಹಾರ್ಮೋನಿಯಂ ಬೇರೆ. ಆದರೆ ಮನಸೂರರು ಯಾಕೋ ದಣಿದಂತೆ ಕೇಳಿಸಿದರು. ಷಡ್ಜ ಕೆಳಗಿತ್ತು. ಲಯ ಎಳೆದಂತಿತ್ತು. ಪ್ಲೇಯರಿನದೇ ದೋಷ ಅಂತ ಮನೆಯವರೆಲ್ಲ ಅಂದರು. ನಾನು ಪ್ಲೇಟಿನ ಮೇಲೆ ಒಂದು ಕಾಗದದ ಚೂರು ಅಂಟಿಸಿ ಸುತ್ತು ಎಣಿಸಿದೆ. ಸರಿಯಾಗಿ ನಿಮಿಷಕ್ಕೆ 33 ಚಿಲ್ಲರೆ, ಇರಬೇಕಾದಷ್ಟೇ. ಆಮೇಲೆ ಅಟ್ಟದಿಂದ ಅಜ್ಜನ ಪ್ಲೇಯರು ಇಳಿಸಿ ಬಿಚ್ಚಿದೆವು. ಮೋಟಾರಿನ ಕಡ್ಡಿಯ ಮೇಲೆ ಯಾವುದೋ ಕಾಲದ ರಿಪೇರಿಯಲ್ಲಿ ಟೇಪ್ ಸುತ್ತಿದ್ದರು, ರಬ್ಬರು ಗಾಲಿ ಜಾರದಿರಲಿ ಅಂತ. ಕಡ್ಡಿ ದಪ್ಪವಾದರೆ ತಟ್ಟೆ ಜೋರಾಗಿ ತಿರುಗುತ್ತದೆ. ನಿಮಿಷಕ್ಕೆ 35ರ ಮೇಲೆ ಹೋದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತದೆ. ಮೂವತ್ತು ವರ್ಷ ನನ್ನ ತಲೆಯಲ್ಲಿ ಹಾಡುತ್ತಿದ್ದ ಮನಸೂರರು ನಿಜವಾದ ಮನಸೂರರಿಗಿಂತ ಅರ್ಧ ಸ್ವರ ಮೇಲೆ, ಸ್ವಲ್ಪ ಬಿರುಸು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ನಾವು ಯಾವ ಸದ್ದನ್ನು ಸರಿ ಅನ್ನುತ್ತೇವೋ ಅದು ಬಹುಪಾಲು ನಮ್ಮ ಮನೆಯ ಪೆಟ್ಟಿಗೆ ಕಲಿಸಿದ್ದು. ಟೂ ಇನ್ ಒನ್ ಕೇಳುತ್ತಾ ಬೆಳೆದವರಿಗೆ ಕ್ಯಾಸೆಟ್ಟಿನ ಸಣ್ಣ ಸುಯ್ ಸದ್ದು ಇಲ್ಲದಿದ್ದರೆ ಹಾಡು ಬರಿದು ಅನ್ನಿಸುತ್ತದೆ. ನನ್ನ ಗಂಡ ಗುಡಿಯ ಲೌಡ್‌ಸ್ಪೀಕರಿನ ಊರಿನವರು, ಅವರಿಗೆ ಟ್ರೆಬಲ್ ಜಾಸ್ತಿ ಬೇಕು. ಸ್ಪೀಕರ್ ಕೊಳ್ಳುವಾಗ ಅಂಗಡಿಯವರು ಹಾಕುವ ಡೆಮೋ ಹಾಡನ್ನು ನಂಬಬೇಡಿ. ನೀವು ಹತ್ತು ವರ್ಷದವರಿದ್ದಾಗ ಕೇಳಿದ ಹಾಡನ್ನು ಹಾಕಿಸಿ. ಎಲ್ಲಿ ತಪ್ಪಿದೆ ಅಂತ ಕಿವಿ ತಕ್ಷಣ ಹೇಳುತ್ತದೆ. ನಾನು ಈ ಸ್ಪೀಕರನ್ನು ಆರಿಸಿದ್ದು ಹಾಗೇ, ಗಂಗೂಬಾಯಿ ಹಾನಗಲ್ಲರ ದನಿ ಹಾಕಿಸಿ. ಆ ದನಿಯ ಗಡಸು ತೆಳ್ಳಗಾದರೆ ಆ ಪೆಟ್ಟಿಗೆ ನನಗೆ ಬೇಡ.

ಗಂಗೂಬಾಯಿಯವರ ಹೆಸರು ಬಂತಲ್ಲ, ಅವರ ಬಾಲ್ಯವೇ ಈ ಮಾತಿಗೆ ಸಾಕ್ಷಿ. ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲೇ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಹುಡುಗಿ ಬೀದಿಯಲ್ಲಿ ಗ್ರಾಮೊಫೋನ್ ಕೇಳಿಸಿದರೆ ಓಡಿಹೋಗಿ ನಿಲ್ಲುತ್ತಿದ್ದಳು, ಕೇಳಿದ್ದನ್ನು ಮನೆಗೆ ಬಂದು ಹಾಡುತ್ತಿದ್ದಳು. ಗದಗಿನ ಭೀಮಸೇನ ಜೋಶಿಯವರದೂ ಇಂಥದ್ದೇ. ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಆ ಹುಡುಗನ ತಲೆಯಲ್ಲಿ ಕೂತಿತು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಕೊನೆಗೆ ಕಲಿತದ್ದು ಅದೇ ಕರೀಂ ಖಾನರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನಂತೂ ದೊಡ್ಡ ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ ಹಾಗೆಹಾಗೇ ಹಾಡುತ್ತಿದ್ದ. ಅವನೇ ಕುಮಾರ ಗಂಧರ್ವ. ಈ ಮೂವರೂ ಕೇಳಿದ್ದು ಮೂರು, ನಾಲ್ಕು ನಿಮಿಷದ 78ರ ಪ್ಲೇಟುಗಳನ್ನು, ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಕರಕರ ಸದ್ದಿನ ನಡುವೆ ಎಲ್ಲೋ ದೂರದಲ್ಲಿ ದನಿ. ಹೈಫೈ ಅಲ್ಲವೇ ಅಲ್ಲ. ಆದರೆ ಅಷ್ಟರಲ್ಲೇ ಒಂದು ರಾಗದ ಮುಖ ಅವರಿಗೆ ಕಂಡಿತು.

ಹಾಗಾದರೆ ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಕೇಳಿಸಬೇಕು? ಇದರ ಬಗ್ಗೆ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಅನ್ನುವವರು 2005ರಲ್ಲಿ ಪ್ರಕಟಿಸಿದ್ದು. ಬಾಲ್ಕನ್ ನಾಡುಗಳ ಜಾನಪದ ಹಾಡಿನಲ್ಲಿ ಸಮ ಅಲ್ಲದ ತಾಳಗಳಿರುತ್ತವೆ, ನಮ್ಮ ಹಿಂದೂಸ್ತಾನಿ ರೂಪಕದ ಏಳು ಮಾತ್ರೆಯ ಹಾಗೆ. ಅಮೆರಿಕದ ಕಡೆಯ ಕೂಸುಗಳಿಗೆ ಅದು ಪರಿಚಯ ಇಲ್ಲ. ಹಿಂದಿನ ಪ್ರಯೋಗಗಳಲ್ಲಿ ಆರು ತಿಂಗಳ ಕೂಸುಗಳು ಆ ತಾಳ ತಪ್ಪಿದರೆ ಗುರುತಿಸಿದ್ದವು. ಒಂದು ವರ್ಷದ ಕೂಸುಗಳಿಗೆ ಆಗಲೇ ಆ ಶಕ್ತಿ ಹೋಗಿತ್ತು. ಆಗ ಅವರ ಮನೆಗೆ ಸಿಡಿ ಕೊಟ್ಟು ಎರಡು ವಾರ ದಿನಾ ಸ್ವಲ್ಪ ಹೊತ್ತು ಹಾಕಿಸಿದರು. ಶಕ್ತಿ ವಾಪಸ್ ಬಂತು. ದೊಡ್ಡವರಿಗೂ ಅದೇ ಸಿಡಿ ಕೊಟ್ಟರು, ಅವರಿಗೆ ಅಷ್ಟು ಸುಲಭಕ್ಕೆ ಬರಲಿಲ್ಲ. ಪಾಠ ಇಲ್ಲ, ಮೇಷ್ಟ್ರು ಇಲ್ಲ. ಮನೆಯಲ್ಲಿ ಸುಮ್ನೆ ಒಂದು ಸಿಡಿ ಹಾಕಿದ್ದು, ಅಷ್ಟೇ. ಏಳು ಮಾತ್ರೆಯ ರೂಪಕದಲ್ಲೋ ಮಿಶ್ರಛಾಪಿನಲ್ಲೋ ಭಜನೆ ಕೇಳುತ್ತಾ ಬೆಳೆದ ನಮ್ಮ ಮಕ್ಕಳಿಗೆ ಅದು ತೊಟ್ಟಿಲಲ್ಲೇ ಬಂದಿರುತ್ತದೆ. ಕೇಳಿಸದೇ ಇದ್ದರೆ ಮಾತ್ರ ಬರುವುದಿಲ್ಲ.

ಇನ್ನೊಂದು, 2013ರದ್ದು. ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಜಸ್ಟಿನ್ ಝುಪ್ನಿಕ್ ಕಾಲೇಜು ಹುಡುಗರಿಗೆ ಬೇರೆ ಬೇರೆ ಕಾಲದ ಜನಪ್ರಿಯ ಹಾಡು ಕೇಳಿಸಿದರು. ತಮ್ಮ ಕಾಲದ ಹಾಡಿನ ಜೊತೆಗೆ, ಅಪ್ಪ ಅಮ್ಮನ ಯೌವನದ ಕಾಲದ ಹಾಡುಗಳೂ ಅವರ ಮನಸ್ಸಿಗೆ ಹತ್ತಿರವಾಗಿದ್ದವು. ಮನೆಯಲ್ಲಿ ಅಪ್ಪ ಅಮ್ಮ ಹಾಕಿಕೊಂಡಿದ್ದನ್ನು ಪಕ್ಕದಲ್ಲಿ ಆಡುತ್ತಾ ಕೇಳಿದವರು ಅವರು.

ಪಕ್ಕದಲ್ಲಿ ಆಡುತ್ತಾ ಕೇಳುವುದು. ಇದಕ್ಕಾಗಿಯೇ ನನಗೆ ಇಯರ್‌ಫೋನ್ ಮೇಲೆ ಸಿಟ್ಟು. ನಮ್ಮ ಮನೆಯಲ್ಲೇ ಸ್ವಲ್ಪ ಕಾಲ ಹೀಗಿತ್ತು: ನಾನು ನನ್ನ ಕಿವಿಯಲ್ಲಿ ಬಸವರಾಜ ರಾಜಗುರು ಅವರ ಗಾಯನ ಕೇಳುತ್ತಿದ್ದೆ, ಗಂಡ ಅವರ ಕಿವಿಯಲ್ಲಿ ಹಳೆಯ ಚಿತ್ರಗೀತೆ, ಮಗಳಿಗೆ ಮೌನ. ಮನೆ ತುಂಬಾ ಸಂಗೀತ, ಮಗುವಿಗೆ ಒಂದು ಸ್ವರವೂ ಇಲ್ಲ. ಅವಳಿಗೂ ಒಂದು ಹೆಡ್‌ಫೋನ್ ಕೊಡಿಸಿ ಅಂದವರಿದ್ದಾರೆ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಎಷ್ಟಕ್ಕೆ ಇಟ್ಟುಕೊಂಡಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಸ್ಪೀಕರಾದರೆ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ, ಅಲ್ವಾ? ಅದಕ್ಕಿಂತ ಹೆಚ್ಚಾಗಿ, ಒಂದೇ ಸದ್ದನ್ನು ಮೂರು ಜನ ಒಟ್ಟಿಗೆ ಕೇಳುತ್ತೇವೆ. ತಾಳದ ಸುತ್ತು ಮುಗಿದು ಸಮ ಬಂದಾಗ ನನ್ನ ತಲೆ ಅಲ್ಲಾಡಿದ್ದನ್ನು ಮಗಳು ನೋಡುತ್ತಾಳೆ. ಈಗ ಅವಳ ತಲೆಯೂ ಅಲ್ಲಾಡುತ್ತದೆ, ಕೆಲವು ಸಲ ನನಗಿಂತ ಮೊದಲು.

ಪ್ಲೇಟಿನ ಇನ್ನೊಂದು ಗುಣ ಅಂದರೆ ಅದು ಮುಗಿಯುತ್ತದೆ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು. ಮಗುವಿನ ಗಮನಕ್ಕೆ ಇದು ಹದವಾದ ಅಳತೆ. ಮುಗಿದ ಮೇಲೆ ಯಾರಾದರೂ ಎದ್ದು ಹೋಗಿ ಮಗುಚಬೇಕು. ಬ್ಲೂಟೂತ್ ಸ್ಪೀಕರಿನಲ್ಲಿ ಮಗಳು ಅರ್ಧ ಹಾಡಿಗೆ ಮುಂದಿನದು ಅಂತಿದ್ದಳು. ಇಲ್ಲಿ ಮುಂದಕ್ಕೆ ಹಾರಿಸುವ ಗುಂಡಿ ಇಲ್ಲ. ಹಾಗಾಗಿ ನಿಧಾನ ಲಯದ ವಿಲಂಬಿತ್ ಮುಗಿಯುವವರೆಗೆ ಬಣ್ಣ ಹಚ್ಚುತ್ತಾ ಕೂರುತ್ತಾಳೆ, ಬಿರುಸಿನ ದ್ರುತ್ ಬಂದಾಗ ಎದ್ದು ಕುಣಿಯುತ್ತಾಳೆ. ಬಸವರಾಜ ರಾಜಗುರು ಅವಳಿಗೆ ಕುಣಿಸುವ ಅಜ್ಜ. ಅವರಿಗೆ ಇದಕ್ಕಿಂತ ಒಳ್ಳೆಯ ಬಿರುದು ನನಗೆ ಗೊತ್ತಿಲ್ಲ. ಸಣ್ಣ 45ರ ಪ್ಲೇಟುಗಳೂ ಇವೆ, ಪಿ.ಬಿ. ಶ್ರೀನಿವಾಸರ ದನಿಯಲ್ಲಿ. ದೊಡ್ಡ ತೂತಿನ ಪ್ಲೇಟಿಗೆ ಬೇಕಾದ ಅಡಾಪ್ಟರ್ ಪ್ಲೇಯರಿನ ಜೊತೆಗೇ ಬರುತ್ತದೆ.

ಒಂದು ವಿಷಯ ಕೊಳ್ಳುವ ಮುಂಚೆ ಗೊತ್ತಿರಲಿ. ಇದು 78 ನುಡಿಸುವುದಿಲ್ಲ. ನನಗೆ ಗೊತ್ತಿದ್ದೇ ಕೊಂಡೆ. ಅಟ್ಟದಲ್ಲಿ ಅಜ್ಜ, ಮುತ್ತಜ್ಜನ ಕಾಲದ 78ರ ಪ್ಲೇಟುಗಳಿರುವವರು ಬೇರೆ ಮಾಡೆಲ್ ನೋಡಬೇಕು, ಮೂರು ವೇಗ ಇರುವಂಥದ್ದು. ಬರೀ ವೇಗ ಇದ್ದರೂ ಸಾಲದು. 78ರ ಗೆರೆ ಅಗಲ, ಅದಕ್ಕೆ ದಪ್ಪ ತುದಿಯ ಮುಳ್ಳೇ ಬೇಕು. ಎಲ್‌ಪಿಯ ಮುಳ್ಳು ಹಾಕಿದರೆ ಗೆರೆಯ ತಳದಲ್ಲಿ ಅಲೆದಾಡಿ ಬರೀ ಕರಕರ ಕೇಳಿಸುತ್ತದೆ. ಮತ್ತೆ ಆ ಪ್ಲೇಟುಗಳು ಅರಗಿನವು, ಜಾರಿ ಬಿದ್ದರೆ ಚೂರು. ನಮ್ಮ ಮನೆಯ 78ಗಳನ್ನು ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ನಿಲ್ಲಿಸಿ ಇಟ್ಟಿದ್ದೇನೆ. ಒಂದರ ಮೇಲೊಂದು ಮಲಗಿಸಬೇಡಿ.

ವೇಗವನ್ನು ಸಣ್ಣಗೆ ಏರಿಳಿಸುವ ಸೌಲಭ್ಯವೂ ಇದರಲ್ಲಿಲ್ಲ. ಇದ್ದಿದ್ದರೆ ಅಜ್ಜನ ಮನಸೂರರನ್ನು ಆಗಾಗ ಕರೆತರುತ್ತಿದ್ದೆ ಅನ್ನುವುದು ನಿಜ. ಮಗಳಿಗೆ ಮಾತ್ರ ಈಗಿನ ಶ್ರುತಿಯೇ ಶ್ರುತಿ. ಅಜ್ಜನ ಪ್ಲೇಯರಿನಲ್ಲಿ ಕೇಳಿಸಿದಾಗ ಅವಸರ ಯಾಕೆ ಇವರಿಗೆ ಅಂತ ಕೇಳಿದಳು.

ಬೆಲೆ ನಾನು ಕೊಂಡಾಗ ಇಪ್ಪತ್ತು ಸಾವಿರದ ಒಳಗಿತ್ತು, ಸ್ಪೀಕರಿನ ಖರ್ಚು ಬೇರೆ. ಕಡಿಮೆ ಏನಲ್ಲ. ಹೊಸ ಎಲ್‌ಪಿಗಳು ಇನ್ನೂ ದುಬಾರಿ. ಅದಕ್ಕೇ ಮೊದಲು ನೆಂಟರ ಅಟ್ಟ ಹುಡುಕಿ. ಕೊಡುವವರು ಸಂತೋಷದಿಂದ ಕೊಡುತ್ತಾರೆ, ಜೊತೆಗೆ ಆ ಪ್ಲೇಟಿನ ಕತೆಯನ್ನೂ ಹೇಳುತ್ತಾರೆ. ಹಳೆಯ ಪ್ಲೇಟುಗಳನ್ನು ಆನ್‌ಲೈನಿನಲ್ಲಿ ತರಿಸುವಾಗ ಎಚ್ಚರ. ಒಬ್ಬ ಮಾರಾಟಗಾರರಿಂದ ತರಿಸಿದ ಎಲ್‌ಪಿ ಬಿಸಿಲಿಗೆ ಸೊಟ್ಟಗಾಗಿತ್ತು, ತೋಳು ದೋಣಿಯಂತೆ ಏರಿ ಇಳಿಯುತ್ತಿತ್ತು. ಫೋಟೋದಲ್ಲಿ ಅದು ಕಾಣುವುದಿಲ್ಲ. ಬದಿಯಿಂದ ಹಿಡಿದು ತೆಗೆದ ಫೋಟೋ ಕೇಳಿ. ಬರೀ ಪಳಪಳ ಅನ್ನುವ ಚಿತ್ರ ನೋಡಿ ದುಡ್ಡು ಕಳಿಸಬೇಡಿ.

ಸಣ್ಣ ನಿಗಾ ಬೇಕು. ಪ್ರತಿ ಸಲ ಹಾಕುವ ಮುಂಚೆ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯಿರಿ. ನಮ್ಮಲ್ಲಿ ಆ ಕೆಲಸ ಮಗಳದ್ದು. ಮುಳ್ಳು ಕೆಲವು ನೂರು ಗಂಟೆ ನಡೆಯುತ್ತದೆ. ಸ, ಶ ಅಕ್ಷರಗಳು ಸೀಳಿದಂತೆ ಕೇಳತೊಡಗಿದರೆ ಬದಲಿಸುವ ಸಮಯ ಬಂತು ಅಂತ ಅರ್ಥ. ಮುಳ್ಳಿನ ಹೆಸರು ಎಟಿಎನ್3600ಎಲ್, ಆನ್‌ಲೈನಿನಲ್ಲಿ ಸಿಗುತ್ತದೆ. ಬೆರಳಲ್ಲೇ ಎಳೆದು ತೆಗೆದು ಹೊಸದು ಕೂರಿಸಬಹುದು, ಮೆಕ್ಯಾನಿಕ್ ಬೇಕಾಗಿಲ್ಲ. ಪ್ಲೇಯರಿನ ಜೊತೆಗೇ ಒಂದು ಹೆಚ್ಚುವರಿ ಮುಳ್ಳು ತರಿಸಿ ಇಟ್ಟುಕೊಳ್ಳಿ. ಮುಳ್ಳು ಸವೆದು ವಾರಗಟ್ಟಲೆ ಪ್ಲೇಯರು ಸುಮ್ಮನೆ ಕೂತರೆ ಮಕ್ಕಳು ಮತ್ತೆ ಮೊಬೈಲಿಗೆ ಹೋಗುತ್ತಾರೆ.